ತೂಬು ಇಲಾಖೆಯ ಇಪ್ಪತ್ತೆಂಟು ಸೆಕೆಂಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಅಕ್ಷರ. ಅದು ‘ಬಿ’. ಅದನ್ನು ಹಸಿರು ಇಂಕಿನಲ್ಲಿ ಬರೆದವರು ಕೆರೆ ತೂಬು ಪರಿವೀಕ್ಷಣಾ ಇಲಾಖೆಯ ಚಾಮರಾಜನಗರ ಜಿಲ್ಲಾ ಅಧಿಕಾರಿ ಶಾಂತಮಲ್ಲಪ್ಪನವರು. ಬರೆಯುವಾಗ ಅವರ ಎಡಗೈಯಲ್ಲಿ ಕಾಫಿ ಲೋಟವಿತ್ತು, ಕಿವಿ ಮತ್ತು ಭುಜದ ನಡುವೆ ಮೊಬೈಲು ಸಿಕ್ಕಿಕೊಂಡಿತ್ತು, ಮನಸ್ಸು ಮಗಳ ಮನೆಯ ಗೃಹಪ್ರವೇಶದ ಅಡಿಗೆಯವರ ಹತ್ತಿರ ಇತ್ತು. ಮುಂದಿದ್ದ ಫೈಲಿನಲ್ಲಿ ಏನಿದೆ ಎಂಬುದೊಂದನ್ನು ಬಿಟ್ಟರೆ ಉಳಿದೆಲ್ಲ ವಿಷಯಗಳೂ ಆ ಹೊತ್ತಿನಲ್ಲಿ ಅವರ ಗಮನದಲ್ಲಿದ್ದವು.

ಇಂಥದೊಂದು ಇಲಾಖೆ ಇದೆಯೇ ಎಂದು ನೀವು ಕೇಳಬಹುದು. ಎಲ್ಲರೂ ಹಾಗೆ ಕೇಳುವುದೇ ಆ ಇಲಾಖೆಯ ಕಷ್ಟ. ಕೆರೆಗಳಿಂದ ನೀರು ಬಿಡುವ ತೂಬುಗಳು ಸರಿಯಾಗಿ ತೆರೆದು ಮುಚ್ಚುತ್ತಿವೆಯೇ ಎಂದು ನೋಡುವುದು ಅದರ ಕೆಲಸ, ಆದರೆ ನೋಡಲು ಜನ ಇಲ್ಲ. ಅರ್ಧ ಊರು ಆ ಕಚೇರಿಯನ್ನು ಮುಚ್ಚಿಹೋದ ಗೋದಾಮು ಎಂದೇ ತಿಳಿದಿದೆ. ರಾಜ್ಯದಲ್ಲಿ ನಲವತ್ತೆರಡು ತೂಬು ಪರಿವೀಕ್ಷಕರ ಹುದ್ದೆ ಖಾಲಿ ಬಿದ್ದು, ಮೂರು ಸಲ ಪ್ರಕಟಣೆ ಹೊರಡಿಸಿದ ಮೇಲೆ ಬಂದದ್ದು ಒಂಬತ್ತು ಅರ್ಜಿ. ಅದರಲ್ಲಿ ಐದು ಜನ ಬೇರಾವುದೋ ಇಲಾಖೆ ಎಂದುಕೊಂಡು ಹಾಕಿದ್ದರು. ಒಬ್ಬ ಎರಡು ಸಲ ಹಾಕಿದ್ದ.

ಕೊನೆಗೆ ಬೆಂಗಳೂರಿನಿಂದ ಸುತ್ತೋಲೆ ಬಂತು. ಯುವಜನರು ನಮ್ಮ ಹತ್ತಿರ ಬರುತ್ತಿಲ್ಲವಾದ್ದರಿಂದ ಅವರಿದ್ದಲ್ಲಿಗೆ ನಾವೇ ಹೋಗಬೇಕು, ಅವರು ಮೊಬೈಲಿನಲ್ಲಿದ್ದಾರೆ, ಆದುದರಿಂದ ಪ್ರತಿ ಜಿಲ್ಲಾ ಕಚೇರಿಯೂ ‘ನಮ್ಮ ಕಚೇರಿಯಲ್ಲಿ ಒಂದು ದಿನ’ ಎಂಬ ರೀಲ್ ತಯಾರಿಸಿ, ಮೂವತ್ತು ಸೆಕೆಂಡು ಮೀರದಂತೆ, ಮಂಗಳವಾರ ಸಂಜೆ ಐದೂವರೆಯೊಳಗೆ ಇಲಾಖೆಯ ಖಾತೆಗೆ ಏರಿಸತಕ್ಕದ್ದು ಎಂದು ಅದರಲ್ಲಿತ್ತು.

ಸುತ್ತೋಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ ನಿಂಗರಾಜುವಿನ ಟೇಬಲ್ಲಿಗೆ ಬಂದು ನಿಂತಿತು, ಏಕೆಂದರೆ ಅದರ ಕೆಳಗೆ ಇನ್ನು ಯಾರೂ ಇರಲಿಲ್ಲ. ಹರವೆಯ ನಿಂಗರಾಜು ಹನ್ನೊಂದು ವರ್ಷದಿಂದ ಅಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರು. ಹೊರಗುತ್ತಿಗೆಯವನು ಎಂದರೆ ಒಳಗಿನ ಕೆಲಸವನ್ನೆಲ್ಲ ಮಾಡುವವನು ಎಂದು ಅರ್ಥ. ಟೈಪು, ಪತ್ರ, ಪ್ರಿಂಟರಿನ ರಿಪೇರಿ, ಸಾಹೇಬರ ಮೊಮ್ಮಗಳ ಡ್ರಾಯಿಂಗ್ ಸ್ಪರ್ಧೆಯ ಫಾರಂ, ಎಲ್ಲ ಅವನದೇ. ಈಗ ರೀಲೂ ಅವನದಾಯಿತು.

ಅವನು ಎರಡು ವಿಡಿಯೋ ತೆಗೆದ. ಒಂದು, ರಾಷ್ಟ್ರಧ್ವಜದ ಪಕ್ಕ ನಿಂತು ಶಾಂತಮಲ್ಲಪ್ಪನವರು ಮಾಡಿದ ಭಾಷಣ. ಕೆರೆಗಳ ಇತಿಹಾಸದಿಂದ ಶುರುವಾಗಿದ್ದರಿಂದ ಅದು ಹನ್ನೊಂದು ನಿಮಿಷವಾಯಿತು. ಇನ್ನೊಂದು, ಅದಕ್ಕೂ ಮುಂಚೆ ಬೆಳಕು ಸಾಕೇ ಎಂದು ನೋಡಲು ಸುಮ್ಮನೆ ಕಚೇರಿಯ ಸುತ್ತ ಮೊಬೈಲು ಹಿಡಿದು ತೆಗೆದ ಇಪ್ಪತ್ತೆಂಟು ಸೆಕೆಂಡು. ಪೆನ್‌ಡ್ರೈವಿನಲ್ಲಿ ಏನೇನಿದೆಯೋ ಎಲ್ಲವನ್ನೂ ಟಿಪ್ಪಣಿಯಲ್ಲಿ ನಮೂದಿಸಬೇಕು ಎಂಬ ನಿಯಮ ಇರುವುದರಿಂದ ನಿಂಗರಾಜು ಶಿಸ್ತಾಗಿ ಟೈಪು ಮಾಡಿದ: ‘(ಎ) ಮಾನ್ಯ ಅಧಿಕಾರಿಗಳ ಸಂದೇಶ, ಹನ್ನೊಂದು ನಿಮಿಷ. (ಬಿ) ಬೆಳಕಿನ ಪರೀಕ್ಷೆ, ಇಪ್ಪತ್ತೆಂಟು ಸೆಕೆಂಡು. ಆದೇಶಕ್ಕಾಗಿ ಮಂಡಿಸಿದೆ.’ ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ ಫೈಲಿಗೆ ದಾರದಲ್ಲಿ ಕಟ್ಟಿದ. ಅಧೀಕ್ಷಕಿ ರಹೀಮುನ್ನೀಸಾ ಕಿರುಸಹಿ ಹಾಕಿ ಒಳಗೆ ಕಳಿಸಿದರು. ಶಾಂತಮಲ್ಲಪ್ಪನವರಿಗೆ ಸುತ್ತೋಲೆಯ ಮೂವತ್ತು ಸೆಕೆಂಡು ಮಾತ್ರ ಜ್ಞಾಪಕವಿತ್ತು. ಲಕೋಟೆಯನ್ನು ಬಿಚ್ಚದೆಯೇ ‘ಬಿ ಅನುಮೋದಿಸಿದೆ. ತಕ್ಷಣ ಕ್ರಮ’ ಎಂದು ಬರೆದರು.

ನಿಂಗರಾಜು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಸಾ, ಬಿ ನೇ ಹಾಕ್ಬೇಕಾ ಸಾ?”

“ಬರ್ದಿರೋದು ಕಾಣಲ್ವೇನಯ್ಯಾ? ಐದೂಕಾಲಾಯ್ತು, ಹಾಕು ಹೋಗು.”

ಹನ್ನೊಂದು ವರ್ಷದಲ್ಲಿ ಹಸಿರು ಇಂಕನ್ನು ಎರಡನೆಯ ಸಲ ಪ್ರಶ್ನಿಸಿದವನಲ್ಲ ನಿಂಗರಾಜು. ಐದು ಇಪ್ಪತ್ತೆಂಟಕ್ಕೆ ಏರಿಸಿ, ಆರು ಗಂಟೆಯ ಬಸ್ಸು ಹತ್ತಿದ.

ಮಾರನೆಯ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಪಕ್ಕದ ಮನೆಯ ಮಹದೇವಪ್ಪ ಬೇಲಿಯ ಮೇಲಿಂದ ಮೊಬೈಲು ಚಾಚಿದರು.

“ನಿಂಗ್ರಾಜು, ನಿನ್ ಆಫೀಸ್ ನೋಡ್ದೆ ಕಣ್ಲಾ. ನೀನು ದಿನಾ ಸುಸ್ತಾಗ್ಬುಟ್ಟೆ ಸುಸ್ತಾಗ್ಬುಟ್ಟೆ ಅಂತ ಬತ್ತಿದ್ಯಲ್ಲ, ಇದಕ್ಕೇನ್ಲಾ ಸುಸ್ತಾಗದು?”

ನಿಂಗರಾಜು ನೋಡಿದ. ಬಾಯಲ್ಲಿದ್ದ ನೊರೆ ಅಂಗಿಯ ಮೇಲೆ ಇಳಿಯಿತು. ಇಪ್ಪತ್ತೆಂಟು ಸೆಕೆಂಡಿನಲ್ಲಿ ಮೊದಲು ಕಾಣುವವರು ರಹೀಮುನ್ನೀಸಾ, ಅವರು ಟೇಬಲ್ಲಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ. ಆಮೇಲೆ ಶಾಂತಮಲ್ಲಪ್ಪನವರು, ಸುತ್ತೋಲೆಯೊಂದನ್ನು ಹರಡಿಕೊಂಡು ಅದರ ಮೇಲೆ ಕಡಲೇಕಾಯಿ ಸುಲಿದು ಸಿಪ್ಪೆ ಊದುತ್ತಿದ್ದಾರೆ. ಕಡೆಗೆ ಜವಾನ ಮೂಗಯ್ಯ, ಎರಡು ಸಾವಿರದ ಒಂಬತ್ತನೇ ಇಸವಿಯ ಕಡತದ ಗಂಟನ್ನು ತಲೆಗೆ ಕೊಟ್ಟುಕೊಂಡು ಬೆಂಚಿನ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಹಿನ್ನೆಲೆಯಲ್ಲಿ ನಿಂಗರಾಜುವಿನದೇ ಧ್ವನಿ: “ಟೈಮು ಮೂರೂವರೆ. ಬೆಳ್ಕು ಚೆನ್ನಾಗೈತೆ. ಎಲ್ರೂ ನೆಮ್ಮದಿಯಾಗವ್ರೆ.” ಇದೆಲ್ಲ ಸಾಲದೆಂಬಂತೆ, ಇಲಾಖೆಯ ಖಾತೆ ಎಲ್ಲ ರೀಲುಗಳಿಗೂ ತಾನಾಗಿಯೇ ಅಂಟಿಸುವ ಸಾಲು ಮೂಗಯ್ಯನ ಹೊಟ್ಟೆಯ ಮೇಲೆ ಮೂಡಿ ನಿಲ್ಲುತ್ತಿತ್ತು: ‘ನಿಮ್ಮ ಭವಿಷ್ಯ ಇಲ್ಲಿದೆ. ಇಂದೇ ಅರ್ಜಿ ಸಲ್ಲಿಸಿ.’

ನೋಡಿದವರು ಎರಡು ಲಕ್ಷ ದಾಟಿದ್ದರು.

ನಿಂಗರಾಜು ಬಾಯಿ ತೊಳೆಯುವುದನ್ನೂ ಮರೆತು ಒಳಗೆ ಓಡಿದ. ಅದಕ್ಕೆ ಕಾರಣವೂ ಇತ್ತು. ಇಡೀ ಇಲಾಖೆಯಲ್ಲಿ ಅವನಂಥ ಹೊರಗುತ್ತಿಗೆಯವರು ಎಂಟು ಜನ. ಆ ಎಂಟೂ ಜನರನ್ನು ಖಾಲಿ ಬಿದ್ದ ಪರಿವೀಕ್ಷಕರ ಹುದ್ದೆಗಳಲ್ಲೇ ಖಾಯಂ ಮಾಡುವ ಫೈಲು ನಾಲ್ಕು ವರ್ಷ ಬೇರೆ ಬೇರೆ ಟೇಬಲ್ಲುಗಳ ಮೇಲೆ ನಿದ್ದೆ ಹೊಡೆದು ಹೋದ ವಾರವಷ್ಟೇ ಹಣಕಾಸು ಇಲಾಖೆಯಿಂದ ನಿರ್ದೇಶಕಿ ಕಾವ್ಯಶ್ರೀಯವರ ಮೇಜಿಗೆ ಮರಳಿತ್ತು. ಅವರ ಒಂದು ಸಹಿ ಬಾಕಿ. ಅದೇ ನಿರ್ದೇಶಕಿ ಇವತ್ತು ಯುವ ಸಂಪರ್ಕ ಶಿಬಿರಕ್ಕೆಂದು ಗುಂಡ್ಲುಪೇಟೆಗೆ ಬರುತ್ತಿದ್ದರು. “ನಿನ್ನ ವಿಷ್ಯ ನಾನೇ ಮೇಡಂ ಕಿವಿಗೆ ಹಾಕ್ತೀನಿ” ಎಂದು ಶಾಂತಮಲ್ಲಪ್ಪನವರು ಮಾತು ಕೊಟ್ಟಿದ್ದರು. ಅದಕ್ಕಾಗಿ ಹೆಂಡತಿ ಶಿವರಂಜಿನಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮೊಳೆಗೆ ತೂಗುಹಾಕಿದ್ದಳು.

“ಯಾಕ್ರೀ ಮಖ ಹಿಂಗಾಗದೆ?” ಎಂದಳು ಅವಳು, ಒಲೆಯ ಮುಂದಿನಿಂದ.

“ಖಾಯಂ ಇರ್ಲಿ, ಇರದೂ ಹೋಯ್ತದೆ ಕಣಮ್ಮಿ ಇವತ್ತು” ಎಂದು ಹೇಳಿ ನಿಂಗರಾಜು ತಿಂಡಿಯನ್ನೂ ಮುಟ್ಟದೆ ಹೊರಟ.

ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡುವ ಮುಂಚೆ ಅವನ ಮುಖವನ್ನು ದಿಟ್ಟಿಸಿದ. “ನಿಮ್ ದನಿ ಕೇಳ್ದಂಗೈತೆ. ಟೈಮು ಮೂರೂವರೆ ಅನ್ನಿ ಒಂದ್ಸಲ.” ನಿಂಗರಾಜು ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯರು ಅದೇ ಧ್ವನಿಯನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನಗುತ್ತಿದ್ದರು. ಅವನು ಬೆವರು ಒರೆಸಿಕೊಂಡು ಜನರ ಕಾಮೆಂಟು ಓದತೊಡಗಿದ. ‘ದಿಂಬು ಇಲಾಖೆಯದೋ ಸ್ವಂತದ್ದೋ?’ ‘ಇದಕ್ಕೆ ಕೋಚಿಂಗ್ ಬೇಕಾ? ನನಗೆ ಮೊದಲಿಂದಲೂ ಅಭ್ಯಾಸ ಇದೆ.’ ‘ಸುಳ್ಳು ಹೇಳದ ಮೊದಲನೇ ಸರ್ಕಾರಿ ಜಾಹೀರಾತು.’ ಒಬ್ಬರು ಮೆಂತ್ಯದ ಕಟ್ಟು ಚಾಮರಾಜನಗರದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ನೋಡಿ ಎಂದು ಹೊಟ್ಟೆಕಿಚ್ಚುಪಟ್ಟಿದ್ದರು.

ಕಚೇರಿಯಲ್ಲಿ ಶಾಂತಮಲ್ಲಪ್ಪನವರು ನಿಂತೇ ಇದ್ದರು. ಅವರು ಆ ಹೊತ್ತಿನಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

“ಯಾರೋ ಇದನ್ನ ಹಾಕು ಅಂದೋರು? ಯಾರು ಅಂತ!”

“ತಾವೇ ಸಾ.”

“ನಾನಾ? ನಾನು ಕಡ್ಲೇಕಾಯಿ ತಿನ್ನೋದನ್ನ ನಾನೇ ಜಗತ್ತಿಗೆ ತೋರಿಸು ಅಂದ್ನಾ?”

ರಹೀಮುನ್ನೀಸಾ ಎದ್ದು ಬೀರುವಿನಿಂದ ಫೈಲು ತಂದು ಟ್ಯಾಗು ಬಿಚ್ಚಿ ಮುಂದಿಟ್ಟರು. ಮೂವತ್ತೊಂದು ವರ್ಷ ಸರ್ವೀಸಾದ ಹೆಂಗಸು, ಅವರಿಗೆ ಯಾವ ಕಾಗದ ಯಾವ ಹೊತ್ತಿನಲ್ಲಿ ಬೇಕಾಗುತ್ತದೆ ಎಂದು ಮುಂಚೆಯೇ ಗೊತ್ತಾಗುತ್ತಿತ್ತು. “ಇಲ್ಲಿದೆ ಸರ್. ಬಿ ಅನುಮೋದಿಸಿದೆ. ತಕ್ಷಣ ಕ್ರಮ. ತಕ್ಷಣ ಅನ್ನೋದಕ್ಕೆ ಅಡಿಗೆರೆ ಬೇರೆ ಎಳೆದಿದ್ದೀರಿ.”

ಶಾಂತಮಲ್ಲಪ್ಪನವರು ತಮ್ಮದೇ ಅಕ್ಷರವನ್ನು ಅಪರಿಚಿತರ ಕಾಗದ ನೋಡುವಂತೆ ನೋಡಿದರು. “ನಿಮ್ಮ ಇನಿಷಿಯಲ್ಲೂ ಇದೆಯಲ್ರೀ.”

“ಇದೆ ಸರ್. ನೀವು ನೋಡ್ತೀರಿ ಅಂತ ನಾನು ನೋಡ್ಲಿಲ್ಲ.”

“ನೀವು ನೋಡಿರ್ತೀರಿ ಅಂತ ನಾನು ನೋಡ್ಲಿಲ್ಲ” ಎಂದು ಶಾಂತಮಲ್ಲಪ್ಪನವರು ಕುರ್ಚಿಗೆ ಕುಸಿದರು. ಇಬ್ಬರ ಮಾತೂ ನಿಜವಾಗಿದ್ದರಿಂದ ಜಗಳ ಮುಂದುವರಿಯಲಿಲ್ಲ.

“ಅಳ್ಸಿ ಹಾಕಯ್ಯಾ ಅದನ್ನ!”

“ಆಗದಿಲ್ಲ ಸಾ. ನಾವು ಹಾಕ್ಬೋದು ಅಷ್ಟೇ. ತೆಗೀಬೇಕಾದ್ರೆ ನಿರ್ದೇಶಕರ ಕಚೇರಿಗೆ ಬರೀಬೇಕು. ಏಳು ದಿನದೊಳಗೆ ಉತ್ರ ಕೊಡ್ತಾರಂತೆ.”

ಅಷ್ಟರಲ್ಲಿ ಮೂಗಯ್ಯ ಒಳಗೆ ಬಂದ. ದಿನವೂ ತಡವಾಗಿ ಬರುವವನು ಇವತ್ತು ಇನ್ನೂ ತಡವಾಗಿದ್ದ. ಬಸ್ ಸ್ಟಾಂಡಿನಿಂದ ಇಲ್ಲಿಯವರೆಗೆ ಹನ್ನೆರಡು ಜನ ಅವನ ಜೊತೆ ಫೋಟೊ ತೆಗೆಸಿಕೊಂಡಿದ್ದರಂತೆ. ಒಬ್ಬ ಕಣ್ಣು ಮುಚ್ಚಿ ನಿಂತುಕೋ ಎಂದು ಕೇಳಿದ್ದನಂತೆ. “ನಾನ್ ಮಲ್ಗಿರ್ಲಿಲ್ಲ ಕಣ್ರೀ, ಹಳೇ ಫೈಲ್ ಎಲ್ಲಿಟ್ಟೆ ಅಂತ ಗ್ಯಾನ ಮಾಡ್ಕತಿದ್ದೆ ಅಂದ್ರೂ ಯಾರೂ ನಂಬದಿಲ್ಲ” ಎಂದು ಅವನು ನೊಂದುಕೊಂಡ.

ಹತ್ತೂವರೆಗೆ ಇಲಾಖೆಯ ಜೀಪು ಗುಂಡ್ಲುಪೇಟೆಯ ಕಡೆ ಹೊರಟಿತು. ಮುಂದೆ ಶಾಂತಮಲ್ಲಪ್ಪನವರು, ಹಿಂದೆ ರಹೀಮುನ್ನೀಸಾ, ನಿಂಗರಾಜು, ಬ್ಯಾನರಿನ ಸುರುಳಿ ಹಿಡಿದ ಮೂಗಯ್ಯ. ಒಂದಿಷ್ಟು ದೂರ ಹೋದ ಮೇಲೆ ಶಾಂತಮಲ್ಲಪ್ಪನವರು ಹಿಂದಕ್ಕೆ ತಿರುಗಿದರು. ಅವರ ದನಿಯಲ್ಲಿ ಹನ್ನೊಂದು ವರ್ಷದಲ್ಲಿ ಇಲ್ಲದ ಪ್ರೀತಿ ಇತ್ತು.

“ನಿಂಗರಾಜು, ತಿಂಡಿ ಆಯ್ತೇನಪ್ಪ?”

ನಿಂಗರಾಜುವಿಗೆ ಅಪಾಯದ ವಾಸನೆ ಬಡಿಯಿತು.

ತೆರಕಣಾಂಬಿಯಲ್ಲಿ ಜೀಪು ನಿಲ್ಲಿಸಿ ಸಾಹೇಬರು ಅವನಿಗೆ ಸ್ವತಃ ಕಾಫಿ ತಂದುಕೊಟ್ಟರು, ಜೊತೆಗೆ ಎರಡು ಮದ್ದೂರುವಡೆ. ಅವನು ಎರಡನೆಯ ವಡೆ ಬಾಯಿಗಿಟ್ಟಾಗ ವಿಷಯಕ್ಕೆ ಬಂದರು. “ನೋಡಪ್ಪ, ಮೇಡಂ ಕೇಳೇ ಕೇಳ್ತಾರೆ. ನನ್ಗೆ ಇನ್ನು ಹದಿನಾಲ್ಕು ತಿಂಗಳು ಸರ್ವೀಸು. ಈಗೊಂದು ಕಪ್ಪುಚುಕ್ಕೆ ಬಿದ್ರೆ ಪೆನ್ಷನ್ನೇ ನಿಂತೋಗುತ್ತೆ. ರಹೀಮುನ್ನೀಸಾ ಅವರದ್ದೂ ಅಷ್ಟೆ. ಮೂಗಯ್ಯನ ಬಗ್ಗೆ ಹೇಳೋದೇ ಬೇಡ. ನಿನ್ಗಾದ್ರೆ ಹೋಗೋದಕ್ಕೆ ಕೆಲಸವೇ ಇಲ್ಲ. ತಪ್ಪು ನನ್ನದು ಅಂತ ನೀನು ಹೇಳ್ಬಿಡು. ಆಮೇಲೆ ನಾನು ನೋಡ್ಕೋತೀನಿ.”

“ಹೋಗದಕ್ಕೆ ಕೆಲ್ಸ ಇಲ್ಲ ಅಂದ್ರೆ ಹೆಂಗ್ ಸಾ? ಹನ್ನೊಂದ್ ವರ್ಷದಿಂದ ಮಾಡ್ತಿರದು ಏನು?”

“ಅಯ್ಯೋ, ಮಾಡ್ತಾ ಇದ್ದೀಯ. ಯಾರು ಇಲ್ಲ ಅಂದ್ರು? ದಾಖಲೆಲಿ ಇಲ್ಲ ಅಂದೆ.”

ರಹೀಮುನ್ನೀಸಾ ಕಿಟಕಿಯ ಕಡೆ ನೋಡುತ್ತ, “ವಡೆ ಪೂರ್ತಿ ತಿನ್ನಪ್ಪ, ಅರ್ಧಕ್ಕೆ ಬಿಡಬೇಡ” ಎಂದಷ್ಟೇ ಹೇಳಿದರು.

ನಿಂಗರಾಜುವಿಗೆ ಅಳು ಬರುವಂತಾಯಿತು. ನಾಲ್ಕು ವರ್ಷದಿಂದ ಆ ಫೈಲಿನ ಹಿಂದೆ ಓಡಾಡಿದ್ದ. ಪ್ರತಿ ಸಲ ಬೆಂಗಳೂರಿಗೆ ಹೋಗಿ ಬಂದಾಗಲೂ ಶಿವರಂಜಿನಿ “ಎಲ್ಗಂಟ ಬಂತು?” ಎಂದು ಕೇಳುತ್ತಿದ್ದಳು. ಎರಡನೇ ಮಹಡಿ, ಮೂರನೇ ಮಹಡಿ ಎಂದು ಇವನು ಹೇಳುತ್ತಿದ್ದ. ಫೈಲು ಏರಿದ ಹಾಗೆಲ್ಲ ಅವಳ ಮುಖವೂ ಅರಳುತ್ತಿತ್ತು. ಈಗ ಕಡೆಯ ಮಹಡಿಯಿಂದ ತಾನೇ ಅದನ್ನು ಕೆಳಕ್ಕೆ ತಳ್ಳಬೇಕು. ಆದರೂ ಅವನು ತಲೆಯಾಡಿಸಿದ. ಹಾಗೆ ತಲೆಯಾಡಿಸುವುದು ಅವನಿಗೆ ರೂಢಿಯಾಗಿಹೋಗಿತ್ತು.

ಗುಂಡ್ಲುಪೇಟೆ ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲಗಳು. ಕೇರಳದಿಂದ ಬಂದ ಕಾರುಗಳು ಸಾಲಾಗಿ ನಿಂತಿದ್ದವು. ಹೊಲದ ನಡುವೆ ಮಲಯಾಳಿ ಕುಟುಂಬಗಳು ಮಕ್ಕಳನ್ನು ನಿಲ್ಲಿಸಿಕೊಂಡು ಫೋಟೊ ತೆಗೆಯುತ್ತಿದ್ದವು. ಜೀಪು ನಿಧಾನ ಮಾಡಿದಾಗ ಮೂಗಯ್ಯನ ಮುಖ ಕಂಡ ಒಬ್ಬಾಕೆ, “ಅಯ್ಯೋ, ಉರಕ್ಕಂ ಚೇಟ್ಟನ್!” ಎಂದು, ನಿದ್ದೆಯಣ್ಣ ಎಂಬರ್ಥದಲ್ಲಿ, ಕೂಗಿ ಮೊಬೈಲು ಎತ್ತಿದಳು. ರೀಲು ಗಡಿ ದಾಟಿದೆ ಎಂದು ಎಲ್ಲರಿಗೂ ತಿಳಿಯಿತು.

ಶಿಬಿರ ನಡೆಯುವ ಸಭಾಂಗಣಕ್ಕೆ ಶಾಂತಮಲ್ಲಪ್ಪನವರು ನೂರು ಕುರ್ಚಿ ಹಾಕಿಸಿದ್ದರು. ಅದೂ ಹೆಚ್ಚಾಯಿತೆಂದು, ಖಾಲಿ ಕಾಣಬಾರದೆಂದು, ಹಿಂದಿನ ಮೂರು ಸಾಲಿಗೆ ಪಕ್ಕದ ಹಾಸ್ಟೆಲಿನ ಮಕ್ಕಳನ್ನು ಕೂರಿಸುವ ಏರ್ಪಾಡೂ ಆಗಿತ್ತು. ಈಗ ನೋಡಿದರೆ ಬಾಗಿಲಿನಿಂದ ರಸ್ತೆಯವರೆಗೆ ಜನ. ಕುರ್ಚಿಯಲ್ಲಿ ಇಬ್ಬಿಬ್ಬರು, ಕಿಟಕಿಯಲ್ಲಿ ಮೂರು ಮೂರು ಜನ, ಕಾಂಪೌಂಡಿನ ಗೋಡೆಯ ಮೇಲೆ ಎಷ್ಟೋ. ಮೂಗಯ್ಯ ಬ್ಯಾನರು ಹಿಡಿದು ಒಳಗೆ ಬಂದದ್ದೇ ತಡ, ಸಿಳ್ಳೆ ಎದ್ದಿತು.

“ಅಣ್ಣಾ, ಮದ್ಯಾನ ಎಷ್ಟೊತ್ಗೆ ಸುರು?”

“ಬೆಂಚು ಒಬ್ರಿಗೊಂದಾ, ಇಬ್ರಿಗೊಂದಾ?”

“ಗೊರ್ಕೆ ಬರ್ದೇ ಇರೋರು ಅರ್ಜಿ ಹಾಕ್ಬೋದಾ ಸಾರ್?”

ಶಾಂತಮಲ್ಲಪ್ಪನವರು ಕಡಲೇಕಾಯಿಯ ನೆನಪು ಯಾರಿಗೂ ಬರದಿರಲೆಂದು ತಮ್ಮ ಮುಖವನ್ನು ಫೈಲಿನಲ್ಲಿ ಮುಚ್ಚಿಕೊಂಡು ವೇದಿಕೆಯ ಹಿಂಬದಿಯ ಕೋಣೆಗೆ ನುಗ್ಗಿದರು. ಉಳಿದವರು ಹಿಂಬಾಲಿಸಿದರು. ಹತ್ತು ನಿಮಿಷಕ್ಕೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ನಿರ್ದೇಶಕಿ ಕಾವ್ಯಶ್ರೀ ಒಳಗೆ ಬಂದರು. ಮೂವತ್ತೈದರ ಆಸುಪಾಸಿನ ಚುರುಕು ಹೆಂಗಸು. ಬಂದವರೇ ಮೇಜಿನ ಮೇಲೆ ಮೊಬೈಲಿಟ್ಟು, “ಈ ರೀಲ್ ಯಾರದ್ದು?” ಎಂದರು.

ಶಾಂತಮಲ್ಲಪ್ಪನವರ ಮೊಣಕೈ ನಿಂಗರಾಜುವಿನ ಪಕ್ಕೆಗೆ ತಿವಿಯಿತು. ನಿಂಗರಾಜು ಒಂದು ಹೆಜ್ಜೆ ಮುಂದಿಟ್ಟ. ಮನಸ್ಸಿನಲ್ಲಿ ಶಿವರಂಜಿನಿಯ ಕ್ಷಮೆ ಕೇಳಿದ. “ಮೇಡಂ, ತಪ್ಪು...”

“ಅದ್ಭುತ!” ಎಂದರು ನಿರ್ದೇಶಕಿ. “ಎಲ್ಲಾ ಜಿಲ್ಲೆಯವರೂ ಭಾಷಣ ಕಳಿಸಿದ್ರು. ಎಲ್ಲಾ ಸೇರಿ ಮುನ್ನೂರು ಜನ ನೋಡಿದ್ರು, ಅವರೂ ನಮ್ಮ ನೌಕರರೇ. ಇದನ್ನ ಒಂಬತ್ತು ಲಕ್ಷ ಜನ ನೋಡಿದ್ದಾರೆ. ನಮ್ಮನ್ನ ನಾವೇ ಗೇಲಿ ಮಾಡ್ಕೊಂಡು, ಇಂಥವರನ್ನ ಎಬ್ಬಿಸೋಕೆ ನೀವು ಬನ್ನಿ ಅಂತ ಹುಡುಗರನ್ನ ಕರೆಯೋದು! ಇಷ್ಟು ಧೈರ್ಯ ಯಾರಿಗಿದೆ? ಯಾರ ಐಡಿಯಾ ಇದು?”

ಪಕ್ಕೆಯಲ್ಲಿದ್ದ ಮೊಣಕೈ ಈಗ ನಿಂಗರಾಜುವನ್ನು ಹಿಂದಕ್ಕೆ ದಬ್ಬಿತು. “ನನ್ನದೇ ಮೇಡಂ” ಎಂದರು ಶಾಂತಮಲ್ಲಪ್ಪನವರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಅನುಮೋದನೆ ಹಸಿರು ಇಂಕಿನಲ್ಲೇ ಇದೆ. ಕಡಲೇಕಾಯಿ ತಿಂದದ್ದು ಅಭಿನಯ. ಯುವಜನರಿಗಾಗಿ ನನ್ನ ಮಾನವನ್ನೂ ಲೆಕ್ಕಿಸಲಿಲ್ಲ.”

“ನಂದೂ ಆಕ್ಟಿಂಗೇ ಕಣವ್ವ” ಎಂದ ಮೂಗಯ್ಯ, ಅವಕಾಶ ಬಿಡದೆ. “ಗೊರ್ಕೆ ಹೊಡ್ಯಾದು ಬಲು ಕಷ್ಟ, ಎಚ್ರಾಗಿದ್ದಾಗ.”

ನಿಂಗರಾಜು ದಬ್ಬಿಸಿಕೊಂಡ ಜಾಗದಲ್ಲೇ ನಿಂತ. ತಪ್ಪು ಹೊರಲು ಮುಂದೆ ಬಂದವನು ಹೊಗಳಿಕೆ ಹೊರಲು ಮುಂದೆ ಬರಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಆಗ ರಹೀಮುನ್ನೀಸಾ ತಮ್ಮ ಚೀಲದಿಂದ ಫೈಲು ತೆಗೆದರು. ಅದನ್ನು ಅವರು ಯಾವಾಗ ಚೀಲಕ್ಕೆ ಹಾಕಿಕೊಂಡಿದ್ದರೋ ಯಾರೂ ನೋಡಿರಲಿಲ್ಲ.

“ಮೇಡಂ, ವಿಡಿಯೋ ತೆಗೆದವನು, ಮಾತಾಡಿದವನು, ಟಿಪ್ಪಣಿ ಬರೆದವನು, ಏರಿಸಿದವನು ಎಲ್ಲಾ ಈ ಹುಡುಗ. ನಿಂಗರಾಜು. ಹೊರಗುತ್ತಿಗೆ. ನಾವು ಮೂವರು ಮಾಡಿದ್ದು ಏನು ಅಂತ ತಾವೇ ವಿಡಿಯೋದಲ್ಲಿ ನೋಡಿದ್ದೀರಿ.”

ನಿರ್ದೇಶಕಿ ನಕ್ಕರು. ಆಮೇಲೆ ನಿಂಗರಾಜುವಿನ ಕಡೆ ತಿರುಗಿದವರ ಹುಬ್ಬು ಮೇಲೆ ಹೋಯಿತು. “ನಿಂಗರಾಜು? ಎಂಟು ಜನರ ಖಾಯಂ ಫೈಲಲ್ಲಿ ನಾಲ್ಕನೇ ಹೆಸರು?”

ನಿಂಗರಾಜುವಿಗೆ ಕೈ ಮುಗಿಯಬೇಕೋ ನಿಂತಿರಬೇಕೋ ತಿಳಿಯಲಿಲ್ಲ. ತನ್ನ ಹೆಸರಿನ ಸಂಖ್ಯೆಯೂ ಇವರಿಗೆ ನೆನಪಿದೆ! “ಹೌದು ಮೇಡಂ, ನಾನೇ ಮೇಡಂ” ಎಂದ.

“ಕೂತ್ಕೊಳ್ಳಿ” ಎಂದರು ನಿರ್ದೇಶಕಿ. ಅಧಿಕಾರಿ ನಿಂತಿದ್ದಾಗ ಅವನು ಕೂತದ್ದು ಅದೇ ಮೊದಲು. “ಆ ಫೈಲನ್ನ ನಾನು ಪೂರ್ತಿ ಓದಿದ್ದೀನಿ. ನಿಮ್ಮ ಪರವಾಗಿ ಹಣಕಾಸು ಇಲಾಖೆಯವರ ಜೊತೆ ಮೂರು ತಿಂಗಳು ಗುದ್ದಾಡಿದ್ದೀನಿ. ಕೊನೆಗೆ ಒಪ್ಪಿಸಿದೆ. ಇವತ್ತು ಬೆಳಿಗ್ಗೆ ಹೊರಡೋ ಮುಂಚೆ ಸಹಿ ಹಾಕೋಣ ಅಂತ ಪೆನ್ನು ಕೂಡ ತೆಗೆದಿದ್ದೆ.”

“ದೊಡ್ಡ ಉಪಕಾರ ಮೇಡಂ.”

“ಅವರು ಒಪ್ಪಿದ್ದು ಯಾವ ಕಾರಣಕ್ಕೆ ಗೊತ್ತಾ? ಮೂರು ಸಲ ಕರೆದರೂ ಈ ಹುದ್ದೆಗೆ ಯಾರೂ ಬರ್ತಾ ಇಲ್ಲ, ಆದ್ದರಿಂದ ಇರೋರನ್ನೇ ಖಾಯಂ ಮಾಡಿ ಅಂತ ನಾನು ಬರೆದಿದ್ದೆ. ಅದೊಂದೇ ಕಾರಣ. ಪೆನ್ನು ತೆಗೆದೆ, ಅಷ್ಟೊತ್ತಿಗೆ ಪಿಎ ಓಡಿ ಬಂದು ಪೋರ್ಟಲ್ ನೋಡಿ ಮೇಡಂ ಅಂದ.” ಅವರು ಮೊಬೈಲನ್ನು ಅವನ ಕಡೆ ತಿರುಗಿಸಿದರು. “ಹದಿನಾಲ್ಕು ಸಾವಿರದ ಆರುನೂರ ಹನ್ನೆರಡು ಅರ್ಜಿ. ಒಂದು ರಾತ್ರಿ, ಒಂದು ಬೆಳಿಗ್ಗೆ. ಈಗ ನಾನು ಯಾರೂ ಬರ್ತಾ ಇಲ್ಲ ಅಂತ ಹೇಗೆ ಸಹಿ ಹಾಕಲಿ, ನೀವೇ ಹೇಳಿ? ಯಾರಾದ್ರೂ ಕೋರ್ಟಿಗೆ ಹೋದ್ರೆ ನನ್ನ ಕೆಲಸ ಹೋಗುತ್ತೆ.”

ಹೊರಗೆ ಯಾರೋ “ಟೈಮು ಮೂರೂವರೆ!” ಎಂದು ಕೂಗಿದರು, ಜನ ಹೋ ಎಂದರು.

“ಪರೀಕ್ಷೆ ಬರೆದು ಬರಬಹುದಲ್ಲ ನೀವು” ಎಂದರು ನಿರ್ದೇಶಕಿ, ಮೆಲ್ಲಗೆ.

“ವಯಸ್ಸು ಮೀರಿ ಎರಡ್ ವರ್ಷ ಆಯ್ತು ಮೇಡಂ. ಇಲ್ಲೇ ಕೂತಿದ್ದಾಗ್ಲೇ ಮೀರೋಯ್ತು.”

ಅವರು ನಿಜವಾಗಿಯೂ ಬೇಸರಪಟ್ಟರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ನಿಮ್ಮ ಗುತ್ತಿಗೆಯನ್ನು ಇನ್ನೊಂದು ವರ್ಷ ಮುಂದುವರಿಸಲು ಇವತ್ತೇ ಹೇಳುತ್ತೇನೆ, ಇಂಥ ಪ್ರತಿಭೆಯನ್ನು ಕಳೆದುಕೊಳ್ಳಬಾರದು ಎಂದರು. ಈಗ ಫೈಲು ಹಿಂಪಡೆಯುವ ಆದೇಶವೊಂದು ಅರ್ಜೆಂಟಾಗಿ ಬೆಂಗಳೂರಿಗೆ ಹೋಗಬೇಕಿತ್ತು. ಕನ್ನಡ ಟೈಪು ಬರುವವರು ಇಲ್ಲಿ ಯಾರಿದ್ದಾರೆ ಎಂದು ನಿರ್ದೇಶಕಿ ಕೇಳಿದರು. ಶಾಂತಮಲ್ಲಪ್ಪನವರು ಬೇರೆ ಕಡೆ ನೋಡಿದರು, ಮೂಗಯ್ಯ ಬ್ಯಾನರು ನೋಡಿದ. ನಿಂಗರಾಜು ಲ್ಯಾಪ್‌ಟಾಪು ಹತ್ತಿರಕ್ಕೆ ಎಳೆದುಕೊಂಡ.

‘ಈ ಕೆಳಕಂಡ ಎಂಟು ಜನರ ಖಾಯಮಾತಿ ಪ್ರಸ್ತಾವನೆಯನ್ನು ಕೈಬಿಡಲಾಗಿದೆ’ ಎಂದು ಶುರುಮಾಡಿ ಎಂಟು ಹೆಸರನ್ನೂ ಅವನೇ ಟೈಪು ಮಾಡಿದ. ನಾಲ್ಕನೆಯದಕ್ಕೆ ಬಂದಾಗ ಬೆರಳು ಸ್ವಲ್ಪ ತಡೆಯಿತು, ಆದರೆ ಕಾಗುಣಿತ ತಪ್ಪಲಿಲ್ಲ. ಪ್ರಿಂಟು ತೆಗೆದು ಕೊಟ್ಟಾಗ ನಿರ್ದೇಶಕಿ ಓದಿ, “ಒಂದು ತಪ್ಪೂ ಇಲ್ಲ, ವೆರಿ ಗುಡ್” ಎಂದರು.

ಶಿಬಿರ ಭರ್ಜರಿಯಾಗಿ ನಡೆಯಿತು. ಮೂಗಯ್ಯನಿಗೆ ಶಾಲು ಹೊದಿಸಿದರು. ಶಾಂತಮಲ್ಲಪ್ಪನವರು ಕೆರೆಗಳ ಇತಿಹಾಸದಿಂದ ಶುರುಮಾಡಿ ಹನ್ನೊಂದು ನಿಮಿಷ ಮಾತಾಡಿದರು. ಈ ಸಲ ಆರುನೂರು ಜನ ಕೇಳಿದರು. ಇತರ ಏಳು ಜಿಲ್ಲೆಗಳಿಂದ ಏಳು ಹೊರಗುತ್ತಿಗೆಯವರು ಒಬ್ಬರಾದ ಮೇಲೆ ಒಬ್ಬರು ಫೋನು ಮಾಡಿ, “ಏನ್ ಮಾಡ್ಬುಟ್ಟೆ ಮಾರಾಯ” ಎಂದು ತಮ್ಮ ತಮ್ಮ ಊರಿನ ಭಾಷೆಯಲ್ಲಿ ನಿಂಗರಾಜುವನ್ನು ಬೈದರು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಬೈಗುಳ ತೂಕದ್ದೇ ಆಗಿತ್ತು, ಅವನಿಗೂ ತಪ್ಪೆನಿಸಲಿಲ್ಲ.

ಸಂಜೆ ಜೀಪು ವಾಪಸ್ಸು ಬರುವಾಗ ರಹೀಮುನ್ನೀಸಾ ಚೀಲದಿಂದ ಡಬ್ಬಿ ತೆಗೆದು ಮೆಂತ್ಯದ ರೊಟ್ಟಿ ಕೊಟ್ಟರು. “ತಿನ್ನಪ್ಪ. ಆ ವಿಡಿಯೋದಲ್ಲಿ ಬಿಡಿಸಿದ ಸೊಪ್ಪೇ ಇದು. ಮನೇಲಿ ಎಲ್ಲರೂ ಹೇಳಿದ್ರು, ಫೇಮಸ್ ಸೊಪ್ಪು ಅಂತ.” ನಿಂಗರಾಜು ತಿಂದ. ಹೊಲಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಕೆಲಸ ಹೋಗಬೇಕಾಗಿತ್ತು, ಹೋಗಲಿಲ್ಲ. ಖಾಯಂ ಆಗಬೇಕಾಗಿತ್ತು, ಆಗಲಿಲ್ಲ. ನಿನ್ನೆ ಹೇಗಿದ್ದೆನೋ ಹಾಗೇ ಇದ್ದೇನೆ, ಮಧ್ಯೆ ಎರಡು ವಡೆ, ಒಂದು ರೊಟ್ಟಿ ಲಾಭವಾಯಿತು ಎಂದುಕೊಂಡು ಅವನು ಹೆಂಡತಿಗೆ ಫೋನು ಮಾಡಿದ.

“ಕೆಲ್ಸ ಹೋಯ್ತಾ?” ಎಂದಳು ಶಿವರಂಜಿನಿ, ಹಲೋ ಕೂಡ ಹೇಳದೆ.

“ಇಲ್ಲ ಕಣಮ್ಮಿ, ಅಂಗೇ ಐತೆ. ಖಾಯಂ ಆಗದು ಹೋಯ್ತು. ಯಾರೂ ಬರಾಕಿಲ್ಲ ಅಂತ ನಮ್ನ ಖಾಯಂ ಮಾಡದ್ರಲ್ಲಿದ್ರಂತೆ. ಈಗ ನೋಡುದ್ರೆ ಹದ್ನಾಕ್ ಸಾವ್ರದ ಆರ್ನೂರ್ ಹನ್ನೆರಡ್ ಅರ್ಜಿ ಬಂದವೆ.”

“ಹನ್ನೆರಡಾ? ಅಂಗಾರೆ ನಂದು ಸೇರಿಲ್ವೇನೋ.”

“ನಿಂದಾ?”

“ಹೂಂ ಕಣ್ರೀ. ಬೆಳಿಗ್ಗೆ ಕೆಲ್ಸ ಹೋಯ್ತದೆ ಅಂತ ಮಖ ಸಣ್ಣ ಮಾಡ್ಕಂಡು ಉಣ್ದೇ ಹೋದ್ರಲ್ಲ, ಮನೇಲೊಬ್ರಿಗಾದ್ರೂ ಒಂದ್ ಕೆಲ್ಸ ಇರ್ಲಿ ಅಂತ ಮಹದೇವಪ್ಪಣ್ಣನ ಸೊಸೆ ಜೊತೆ ಕೂತ್ಕಂಡು ಹಾಕ್ದೆ. ಪಿಯುಸಿ ಸಾಕಂತೆ, ನನ್ಗೆ ವಯಸ್ಸೂ ಐತಂತೆ. ಎಲ್ಲಾ ಆಯ್ತು, ಸಹಿ ಮಾತ್ರ ಅಂಟ್ತಾ ಇಲ್ಲ. ಕೆಂಪ್ಗೆ ಏನೋ ಬತ್ತಾ ಐತೆ.”

ನಿಂಗರಾಜುವಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕ ರಭಸಕ್ಕೆ ಮುಂದೆ ತೂಕಡಿಸುತ್ತಿದ್ದ ಶಾಂತಮಲ್ಲಪ್ಪನವರು ಎಚ್ಚರವಾದರು, ಮೂಗಯ್ಯ ಮಾತ್ರ ಎಚ್ಚರವಾಗಲಿಲ್ಲ.

“ಸಹಿ ಫೈಲು ದೊಡ್ದಾಗಿರ್ತದೆ ಕಣಮ್ಮಿ, ಐವತ್ ಕೆಬಿ ಒಳಗಿರ್ಬೇಕು. ಮುಟ್ಬೇಡ, ಅಂಗೇ ಮಡಗಿರು. ಏಳ್ ಗಂಟೆ ಬಸ್ಗೆ ಬತ್ತೀನಿ.”

ಆ ರಾತ್ರಿ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು, ಹನ್ನೊಂದು ವರ್ಷದ ಅನುಭವದಿಂದ ಎರಡೇ ನಿಮಿಷದಲ್ಲಿ ಸಹಿಯನ್ನು ಸಣ್ಣದು ಮಾಡಿ, ನಿಂಗರಾಜು ತನ್ನ ಹೆಂಡತಿಯ ಅರ್ಜಿಯನ್ನು ಒಂದು ತಪ್ಪೂ ಇಲ್ಲದಂತೆ ಸಲ್ಲಿಸಿಕೊಟ್ಟ.